ಫೋಟೋದೊಳಗೆ ಕೂತ ಶಬ್ದ

ಮುಸ್ಸಂಜೆಯಲ್ಲಿ ಅಶುಭ ಮಾತಾಡಬಾರದು, ಆ ಹೊತ್ತಿಗೆ ದೇವತೆಗಳು ‘ಅಸ್ತು’ ಎನ್ನುತ್ತ ತಿರುಗಾಡುತ್ತಿರುತ್ತಾರೆ ಎಂದು ಉಡುಪಿಯಲ್ಲಿ ನಮ್ಮಮ್ಮ ಹೇಳುತ್ತಿದ್ದಳು. ಲ್ಯಾಪ್‌ಟಾಪಿನಲ್ಲಿ ಬರೆಯಲೂಬಾರದು ಎಂದು ಹೇಳಿರಲಿಲ್ಲ; ಪಾಪ, ಅವಳಿಗೇನು ಗೊತ್ತು. ನಾನಂತೂ ಹುಟ್ಟಾ ಪುಕ್ಕಲಿ. ಕುಕ್ಕರ್ ಸೀಟಿ ಹೊಡೆಯಲು ತಡಮಾಡಿದರೂ ಆನೆಗುಡ್ಡೆ ಗಣಪತಿಯನ್ನು ಕರೆಯುವವಳು.

ಸಂಭಾಜಿನಗರದ ಮೈದುನನ ಮನೆಯಲ್ಲಿ ಅತ್ತೆಯ ಎಂಬತ್ತರ ಶಾಂತಿ ಇತ್ತು. ಅಂದು ಟಿವಿಯಲ್ಲಿ ಮನೆಯವರ ಫೋಟೋಗಳು ಒಂದೊಂದಾಗಿ ಬರಬೇಕು, ಕೆಳಗೆ ಹೆಸರು ಮೂಡಬೇಕು. ಆ ಕೆಲಸ ನಾಸಿಕದಲ್ಲಿ ಕೂತ ನನ್ನ ಪಾಲಿಗೆ ಬಂತು. ಫೋಟೋದ ಹೊಟ್ಟೆಯಲ್ಲಿ ಅದರ ಜಾತಕವೇ ಇರುತ್ತದಂತೆ: ಎಂದು ತೆಗೆದದ್ದು, ಎಲ್ಲಿ, ಯಾವ ಕ್ಯಾಮೆರಾ. ಪರದೆಯ ಬಲಗಡೆ ಅದೆಲ್ಲ ಖಾನೆ ಖಾನೆಯಾಗಿ ಕಾಣುತ್ತದೆ, ಅಲ್ಲಿ ಬರೆದದ್ದು ಫೋಟೋದೊಳಗೇ ಕೂತುಬಿಡುತ್ತದೆ ಎಂದು ಮಗಳು ಶ್ರಾವ್ಯ ತೋರಿಸಿಕೊಟ್ಟು ಕ್ಲಾಸಿಗೆ ಹೋದಳು.

ಹೆಸರಿನ ಖಾನೆಯಲ್ಲಿ ಒಬ್ಬೊಬ್ಬರ ಹೆಸರು ತುಂಬಿದೆ. ಆಮೇಲೆ ಎಲ್ಲ ಫೋಟೋಗಳನ್ನೂ ಒಟ್ಟಿಗೆ ಆರಿಸಿ ‘ಎಂಬತ್ತರ ಶಾಂತಿ’ ಎಂದು ಸಮಾರಂಭದ ಖಾನೆಯಲ್ಲಿ ಒಮ್ಮೆ ಬರೆದೆ, ಎಲ್ಲದಕ್ಕೂ ಬಿತ್ತು. ಆ ಸುಖದಲ್ಲಿ, ಆರಿಸಿದ್ದನ್ನು ಬಿಡಿಸದೆ, ತೀರಿಹೋದ ಮಾವನ ವಿವರಣೆಗೆಂದು ‘ದಿವಂಗತರು’ ಎಂದು ಬರೆದು ಎಂಟರ್ ಒತ್ತಿದೆ. ಮೊದಲು ಕಂಡದ್ದು ನನ್ನ ಗಂಡನ, ಇವರ ಫೋಟೋ. ನಗುಮುಖ, ಹೆಸರು, ಕೆಳಗೆ ‘ದಿವಂಗತರು’. ಹೊರಗೆ ದೀಪ ಹಚ್ಚುವ ಹೊತ್ತು. ಇವರೋ ನಮ್ಮ ಹೋಟೆಲಿಗೆ ಈರುಳ್ಳಿ ತರಲು ಹೋದವರು ಹೆದ್ದಾರಿಯಲ್ಲಿದ್ದರು.

ಕೂಡಲೇ ಫೋನು ಮಾಡಿದೆ. “ಎಲ್ಲಿದ್ದೀರಿ?”

“ಪಿಂಪಳಗಾಂವ್ ದಾಟಿದೆ. ಎಂತಕ್ಕೆ?”

“ಎಂತ ಇಲ್ಲ. ನಿಧಾನ ಬನ್ನಿ.”

“ನಿಧಾನವೇ ಮಾರಾಯ್ತಿ, ಮುಂದೊಂದು ಟ್ರ್ಯಾಕ್ಟರ್ ಉಂಟು.”

ಆ ಟ್ರ್ಯಾಕ್ಟರಿನವನ ಮನೆ ತಣ್ಣಗಿರಲಿ. ದೇವರು ಕೊಡುವ ಸಣ್ಣ ಕೃಪೆಗಳನ್ನು ಲೆಕ್ಕವಿಡುವವಳು ನಾನು. ಅಂದಿನ ಮೊದಲನೆಯದು ಅದು.

ಒಮ್ಮೆಲೇ ಎಲ್ಲದರಿಂದಲೂ ಆ ಶಬ್ದ ಅಳಿಸಿ ದೇವರ ಮುಂದೆ ತುಪ್ಪದ ದೀಪವಿಟ್ಟೆ. ಅಷ್ಟರಲ್ಲಿ ಶ್ರಾವ್ಯ ಬಂದು ನೋಡಿ, “ಅಮ್ಮ, ಇದು ಪೂರಾ ಹೋಗಿಲ್ಲ. ಒಂದೇ ಮಾತನ್ನ ಫೈಲು ಎರಡು ಮೂರು ಕಡೆ ಇಟ್ಕೊಳ್ತದೆ. ಮೇಲಿಂದ ಹೋಗಿದೆ, ಒಳಗಿಂದು ಇದೆ. ಟೆನ್ಶನ್ ನಕೋ, ಹೆದರ್ಬೇಡ, ಕಾಣುದಿಲ್ಲ” ಎಂದಳು.

“ಕಾಣದಿದ್ದರೆ ಇಲ್ಲ ಅಂತಲಾ? ದೇವರೂ ಕಾಣುದಿಲ್ಲ.”

ಅವಳು ಸಣ್ಣ ಸಣ್ಣ ಬಾಣಗಳನ್ನು ಒತ್ತಿದಂತೆ ಖಾನೆಯೊಳಗೆ ಖಾನೆ ತೆರೆಯುತ್ತ ಹೋಯಿತು. ಒಂದರ ಮೂಲೆಯಲ್ಲಿ ಆ ಶಬ್ದ ಜಿರಳೆಯ ಹಾಗೆ ಅಡಗಿ ಕೂತಿತ್ತು. ಅಷ್ಟು ಹೊತ್ತಿಗೆ ಇವರೇ ಬಾಗಿಲಲ್ಲಿ, ಈರುಳ್ಳಿ ಸಿಪ್ಪೆ ಮೈಗಂಟಿಸಿಕೊಂಡು. ಪರದೆ ಇಣುಕಿ ತಮ್ಮ ಫೋಟೋದ ಪಕ್ಕ ಆ ಶಬ್ದ ಕಂಡವರು ಚಪ್ಪಲಿ ಬಿಡುತ್ತ, “ದಿವಂಗತನಿಗೆ ಇವತ್ತು ಸಾರು ಉಂಟಾ, ತರ್ಪಣ ಮಾತ್ರವಾ?” ಎಂದರು. ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಇವರ ತೋಳು ಮುಟ್ಟಿ ಬೆಚ್ಚಗಿರುವುದನ್ನು ನೋಡಿಕೊಂಡೆ. ಊಟಕ್ಕೂ ಮೊದಲು ಪ್ರತಿ ಫೋಟೋದ ಪ್ರತಿ ಖಾನೆಯನ್ನೂ ಮಗಳಿಂದ ಗುಡಿಸಿಸಿದೆ.

ಆದರೂ ಶಾಂತಿಯ ದಿನ, ಎಲ್ಲೋ ಆ ಶಬ್ದದ ಒಂದು ಮರಿ ಉಳಿದು ಟಿವಿಯ ಮೇಲೆ ಹೊರಬಂದರೆ ಎಂದು ಎಲೆಯ ಮುಂದೆ ಬೆವರುತ್ತ ಕೂತೆ. ಇವರ ಫೋಟೋ ಬಂತು, ಬರೀ ಹೆಸರು. ಬದುಕಿದೆ. ಮುಂದಿನದು ಮಾವನದು. ಅದರಲ್ಲೂ ಬರೀ ಹೆಸರು. ಗುಡಿಸುವ ಭರದಲ್ಲಿ ಅವರದನ್ನೂ ಗುಡಿಸಿದ್ದೆ. ಮೈದುನ ತಿರುಗಿ ನನ್ನನ್ನೇ ನೋಡಿದ. ಅತ್ತೆ ಕೈಯೆತ್ತಿ, “ಅದನ್ನು ಅಲ್ಲಿಯೇ ನಿಲ್ಲಿಸು. ಇದು ಬರೆದದ್ದು ಯಾರು?” ಎಂದರು.

“ನಾನತ್ತೆ” ಎಂದೆ.

“ಲಾಯ್ಕಾಯ್ತು. ಎಲ್ಲರೂ ಆ ಶಬ್ದ ಅಂಟಿಸಿಯೇ ಅವರ ಹೆಸರು ಹೇಳುದು. ಇಷ್ಟು ಜನರಲ್ಲಿ ನಿನಗೊಬ್ಬಳಿಗೆ ಹೊಳೆಯಿತಲ್ಲ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ತಲೆ ತಗ್ಗಿಸಿದೆ. ಎಂಥ ವಿನಯ ಎಂದು ಪಕ್ಕದ ಪಂಕ್ತಿಯವರು ಮೆಚ್ಚಿದರು. ನಿಜವೆಂದರೆ, ಶ್ರಾವ್ಯ ಬಾಯಿ ಬಿಟ್ಟಾಳೆಂದು ಮೇಜಿನ ಕೆಳಗೆ ಅವಳ ಕಾಲು ತುಳಿದಿದ್ದೆ. ಅದು ಅವಳ ಕಾಲೇ ಹೌದೋ, ಎದುರಿಗೆ ಕೂತ ಪುರೋಹಿತರದೋ ಎಂದು ಬಗ್ಗಿ ನೋಡುತ್ತಿದ್ದೆ.