ಎಂಟೂಕಾಲಿಗೂ ಬರೀ ಪ್ರಥಮ ದರ್ಜೆ

ಸಿಟ್ಟು ಬರಬಾರದೇ, ನೀವೇ ಹೇಳಿ ಸ್ವಾಮಿ! ಮದುವೆಯಾದ ಮೇಲೆ ಕಾಲೇಜು ಸೇರಿದ ನನ್ನ ಹೆಂಡತಿ ವಾಣಿಶ್ರೀ ಬಿ.ಎ.ಯಲ್ಲಿ ಎಂಟೂಕಾಲು ಸಿಜಿಪಿಎ ತೆಗೆದಳು. ಎಂಟಾದರೆ ಡಿಸ್ಟಿಂಕ್ಷನ್ ಎಂದು ಕೊಟ್ಟೂರಿನ ನನ್ನ ಗೊಬ್ಬರದಂಗಡಿಯಲ್ಲಿ ಸಾರಿ ಸಾರಿ ಪೇಡೆ ಹಂಚಿದೆ (ಯೂರಿಯಾ ಕೇಳಿದವರಿಗೂ ಅಂದು ಪೇಡೆಯೇ ಸಿಕ್ಕಿತು). ಅಂಕಪಟ್ಟಿ ಬಂತು. ಅದರಲ್ಲಿ ಬರೀ 'ಪ್ರಥಮ ದರ್ಜೆ'!

ವಾಣಿಶ್ರೀಯ ಮುಖ ಬಾಡಿತ್ತು. "ಮೂರು ವರ್ಷ ರೊಟ್ಟಿ ಬಡಿಯಾಗೂ ಪುಸ್ತಕ ಎದುರಿಗಿಟ್ಕೊಂಡು ಓದೀನ್ರಿ. ಆ ಒಂದು ಮಾತು ಬರಬೇಕಿತ್ತು. ಹೋಗ್ಲಿ ಬಿಡ್ರಿ, ಕಾಲೇಜಿಗೇನೂ ಹೋಗಬ್ಯಾಡ್ರಿ."

"ಹೆಂಗ್ ಬಿಡ್ಲಿ? ಒಬ್ಬೊಬ್ಬರ ಹಲ್ಲು ಉದುರಿಸ್ತೀನಿ, ನಡಿಲೇ!"

ಹಗರಿಬೊಮ್ಮನಹಳ್ಳಿಗೆ ದಂಡಯಾತ್ರೆ ಹೊರಟೆವು. ಕಾಲೇಜಿನ ಕಚೇರಿಯಲ್ಲಿ ಮೇಜು ಗುದ್ದಿದ ರಭಸಕ್ಕೆ ಗುಮಾಸ್ತ ಮೌನೇಶನ ಚಹಾ ಅವನ ಅಂಗಿಯ ಮೇಲೇ ಬಿತ್ತು.

"ಡಿಸ್ಟಿಂಕ್ಷನ್ ಕೊಟ್ರ ನಿಮ್ಮಪ್ಪನ ಮನಿ ಗಂಟು ಹೋಗ್ತೈತೇನು?"

"ಬರೀ ಸಿಜಿಪಿಎ ಸಾಲದು ಯಜಮಾನ್ರ. ಎಲ್ಲಾ ಪೇಪರು ಮೊದಲ ಸಲಕ್ಕ ಪಾಸಾಗಿರಬೇಕು. ಇವರು ಎರಡನೇ ಸೆಮಿಸ್ಟರಿನ ಇತಿಹಾಸ ತಪ್ಪಿಸಿ, ಆಮ್ಯಾಲೆ ಬರದಾರ."

"ಇಷ್ಟು ಓದಾಕಿ ಸುಮ್ಮನ ತಪ್ಪಿಸ್ತಾಳೇನಲೇ? ಯಾವನೋ ಅಡ್ಡ ಬಂದಿರಬೇಕು! ಯಾರವ? ಅವನ ಚರ್ಮ ಸುಲೀತೀನಿ!"

ಮೌನೇಶ ವಾಣಿಶ್ರೀಯನ್ನು ನೋಡಿದ. ವಾಣಿಶ್ರೀ ನನ್ನನ್ನು ನೋಡಿದಳು.

"ಹೇಳ್ಲೇನ್ರಿ? ಅವತ್ತು ಸೋಮವಾರ. ಏಳೂಮುಕ್ಕಾಲರ ಬಸ್ಸಿಗೆ ಹೊಂಟಿದ್ದೆ. ರಾಹುಕಾಲದಾಗ ಹೊಸ್ತಿಲು ದಾಟಿದ್ರ ಫೇಲಾಗ್ತಿ ಅಂತ ಒಂಬತ್ತರ ತನಕ ಬಾಗಿಲಿಗೆ ಅಡ್ಡ ನಿಂತಾವ್ರು ಯಾರು? ಮುಂದಿನ ಬಸ್ಸು ದಾರ್ಯಾಗ ಕೆಟ್ಟು ನಿಂತಿತು. ನಾ ಬರೋದ್ರಾಗ ಗೇಟು ಹಾಕಿದ್ರು!"

(ನಾನು ಮರೆತಿರಲಿಲ್ಲ. ಅದು ಬಸ್ಸಿನ ತಪ್ಪೆಂದು ನಂಬಿಕೊಂಡಿದ್ದೆ.)

"ಏನ ಆಗ್ಲಿ, ಫೇಲಂತೂ ಆಗ್ಲಿಲ್ಲಲ್ಲ..." ಎಂದು ಗೊಣಗಿದೆ. ಅವಳು ಕಣ್ಣು ಕೆಂಪಗೆ ಮಾಡಿದಳು. ಚರ್ಮದ ಮಾತು ಅಲ್ಲಿಗೇ ಬಿಟ್ಟು ಮೌನೇಶನಿಗೆ ಬೇರೆ ಚಹಾ ತರಿಸಿದೆ.

ಇಂದು ಅವಳ ಎಂ.ಎ. ಪ್ರವೇಶ ಪರೀಕ್ಷೆ. ಇಂದೂ ಸೋಮವಾರವೇ! ಏಳೂವರೆಗೆ ಪಂಚಾಂಗ ಹಿಡಿದು ಬಾಗಿಲ ಕಡೆ ಓಡಿದೆ (ಅಡ್ಡ ನಿಲ್ಲಲಿಕ್ಕಲ್ಲ, ಬರೀ ಹೊತ್ತು ತಿಳಿಸಲಿಕ್ಕೆ). ಅವಳಾಗಲೇ ಹೊರಟುಹೋಗಿದ್ದಳು. ಬಾಗಿಲು ಎಳೆದರೆ ಹೊರಗಿನಿಂದ ಬೀಗ! ಕಿಟಕಿಯಿಂದ ಕೂಗಾಡಿದೆ. ಪಕ್ಕದ ಮನೆಯ ಈರಕ್ಕ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಕೀಲಿ ನನ್ನ ಹತ್ರ ಐತ್ರಿ ಅಣ್ಣಾರ. ಒಂಬತ್ತಕ್ಕ ತೆಗಿ ಅಂದಾಳ ವಾಣಿಶ್ರೀ. ರಾಹುಕಾಲದಾಗ ನೀವು ಹೊಸ್ತಿಲು ದಾಟಬಾರದಂತ."