ದೊಡ್ಡಮ್ಮ ಕೂರಿಸಿದ ಸ್ಟೀರಿಯೋ

ನಮ್ಮ ದೊಡ್ಡಮ್ಮನನ್ನು ಕಂಡರೆ ಕರೆಂಟಿಗೇ ಶಾಕ್ ಹೊಡೆಯುತ್ತಿತ್ತು ಎಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ. ಅವರ ಕಾರಿನಲ್ಲಿ ಕೂತವರು ಮಾತ್ರ ಯಾರೂ ನಗುತ್ತಿರಲಿಲ್ಲ!

ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಅವರು ಹಳೆಯ ಕಾರೊಂದನ್ನು ಕೊಂಡರು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಬೀದಿಯ ಕಾರುಗಳಲ್ಲೆಲ್ಲ ಸಿ.ಡಿ. ಹಾಡುತ್ತಿತ್ತು. ದೊಡ್ಡಮ್ಮನೂ ಒಂದು ಸ್ಟೀರಿಯೋ ಕೊಳ್ಳಲು ಹೋದರು. ಅಂಗಡಿಯವನು, "ನಾವೇ ಫಿಟ್ ಮಾಡಿಕೊಡ್ತೀವಿ ಮೇಡಂ" ಅಂದದ್ದೇ ತಪ್ಪಾಯಿತು.

"ಮೂವತ್ತು ವರ್ಷ ಓಮನ ನಿಯಮ ಪಾಠ ಮಾಡಿದೀನಿ ಕಣಪ್ಪ. ನಾಲ್ಕು ವೈರ್ ಸೇರಿಸೋಕೆ ನೀನು ಬೇಕಾ?"

ತಾವೇ ಸೇರಿಸಿದರು. ಹಾಡೂ ಬಂತು. ಆದರೆ ಬ್ರೇಕ್ ಒತ್ತಿದರೆ ಹಾಡು ನಿಂತುಹೋಗುತ್ತಿತ್ತು! ಇಂಡಿಕೇಟರ್ ಹಾಕಿದರೆ ಗಾಯಕಿಗೆ ಬಿಕ್ಕಳಿಕೆ! ಅದರಲ್ಲೇನು ಅಪಾಯ ಅಂತೀರಾ? ಚರಣದ ಮಧ್ಯೆ ಬ್ರೇಕ್ ಒತ್ತಲು ದೊಡ್ಡಮ್ಮನಿಗೆ ಮನಸ್ಸೇ ಬರುತ್ತಿರಲಿಲ್ಲ! ಪಕ್ಕದಲ್ಲಿ ಕೂತ ನಾನು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಚಪ್ಪಲಿ ಸವೆಸಿದೆ.

ಸಾಲದ್ದಕ್ಕೆ ಆ ಸ್ಟೀರಿಯೋ ಸುಮ್ಮನೆ ಕೂತಲ್ಲೇ ಬ್ಯಾಟರಿ ಹೀರುತ್ತಿತ್ತು. ಬೆಳಗಾದರೆ ಕಾರು ತಳ್ಳಬೇಕು. ವಾಕಿಂಗ್ ಹೊರಟ ಹಿರಿಯರನ್ನು ದೊಡ್ಡಮ್ಮ, "ಬನ್ನಿ, ಒಳ್ಳೇ ವ್ಯಾಯಾಮ" ಎಂದು ಕರೆಯುತ್ತಿದ್ದರು. ವಾರದೊಳಗೆ ಅವರೆಲ್ಲ ಪಕ್ಕದ ಬೀದಿ ಹಿಡಿದರು.

ಒಂದು ಭಾನುವಾರ ಕೆಂಗೇರಿಯ ಮದುವೆಗೆ ಹೊರಟಾಗ ವಿಜಯನಗರದಲ್ಲಿ ಕಾರು ಕೈಕೊಟ್ಟಿತು. ಎದುರಿಗೇ ಕಾರಿನ ವೈರಿಂಗ್ ರಿಪೇರಿ ಅಂಗಡಿ. ಹೊರಗೆ ಬಂದ ನಲವತ್ತರ ಮಾಲೀಕ ದೊಡ್ಡಮ್ಮನನ್ನು ನೋಡಿದ್ದೇ ಕೈಯಲ್ಲಿದ್ದ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿದ.

"ಮಿಸ್! ನೀವಾ?"

"ಓಹೋ, ನೀನಾ! ಓಮನ ನಿಯಮ ಹೇಳು ನೋಡೋಣ."

ಆತ ನೆಟ್ಟಗೆ ನಿಂತ. "ಮಿಸ್... ಕೆಲಸ ಬರುತ್ತೆ. ಹೇಳೋಕೆ ಬರಲ್ಲ."

"ಆಗ್ಲೂ ಬರ್ತಿರ್ಲಿಲ್ಲ! ಸರಿ, ಸ್ಟೀರಿಯೋ ತಂಟೆಗೆ ಮಾತ್ರ ಹೋಗ್ಬೇಡ. ಅದು ನಾನೇ ಮಾಡಿರೋದು."

ಆತ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ನಾನು ಟಾರ್ಚ್ ಹಿಡಿದೆ. ಕಾರಿನ ಲೋಹದ ಮೈಗೆ ಸೇರಬೇಕಿದ್ದ ಅರ್ತ್ ವೈರು ಬ್ರೇಕ್ ದೀಪದ ವೈರಿಗೆ ಸುತ್ತಿಕೊಂಡಿತ್ತು! ಆತ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟ. ಸದ್ದಿಲ್ಲದೆ ಎಲ್ಲವನ್ನೂ ಬಿಚ್ಚಿ, ಸರಿಯಾಗಿ ಜೋಡಿಸಿ, ಬೇರೆ ಬ್ಯಾಟರಿಯಿಂದ ಕಾರು ಸ್ಟಾರ್ಟ್ ಮಾಡಿಕೊಟ್ಟ.

"ವೈರಿಂಗೆಲ್ಲ ಕರೆಕ್ಟಾಗಿದೆ ಮಿಸ್. ಬ್ಯಾಟರಿ ಕನೆಕ್ಷನ್ ಲೂಸಾಗಿತ್ತು, ಅಷ್ಟೇ."

"ನೋಡಿದ್ಯಾ!" ಎಂದು ದೊಡ್ಡಮ್ಮ ನನ್ನತ್ತ ತಿರುಗಿ ಬೀಗಿದರು.

ಮುಂದಿನ ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದರು. ಹಾಡು ನಿಲ್ಲಲಿಲ್ಲ. ದೊಡ್ಡಮ್ಮನೇ ಕೈಚಾಚಿ ನಿಲ್ಲಿಸಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.

"ಸುಳ್ಳು ಹೇಳ್ದ ಕಣೋ ಅವನು. ಉತ್ತರ ಬರ್ಲಿಲ್ಲ ಅಂತ ಕ್ಲಾಸಲ್ಲಿ ಎಲ್ಲರ ಮುಂದೆ ಎಷ್ಟು ಸಲ ಬೆಂಚ್ ಮೇಲೆ ನಿಲ್ಲಿಸಿದೀನಿ ಅವನನ್ನ! ಇವತ್ತು ಅವನು ನನ್ನ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ."