ಕಾದಂಬರಿಯ ಗಂಡನನ್ನು ನಂಬದ ಗಂಡ

ಈ ವರ್ಷ, 1953ರ ನವರಾತ್ರಿ ಮುಗಿದ ಮರುದಿನ, ಬೆಳಗಿನ ಬಸ್ಸಿನಲ್ಲಿ, ನನ್ನ ಹೆಂಡತಿ ಶಂಕರಿ ಕಾಸರಗೋಡಿನಿಂದ ಅಡೂರಿನ ತವರಿಗೆ ಹೋದಳು. ಕಾರಣ, ಒಂದು ಕಾದಂಬರಿ.

ಅದನ್ನು ವಾಚನಾಲಯದಿಂದ ತಂದವನು ನಾನೇ. ಅದರಲ್ಲಿ ಒಬ್ಬ ಗಂಡ ‘ನಾನು’, ‘ನಾನು’ ಎಂದು ತನ್ನ ಕಥೆ ಹೇಳುತ್ತಾನೆ. ಹೆಂಡತಿ ವಿನಾಕಾರಣ ಮನೆ ಬಿಟ್ಟಳು, ತಾನು ಮಾತ್ರ ನೊಂದೆ ಎಂಬುದು ಅವನ ಹೇಳಿಕೆ. ಶಂಕರಿ ಓದಿ ಕಣ್ಣೊರೆಸಿಕೊಂಡಳು. ನಾನು ಓದಿ, ಇವನು ಸುಳ್ಳುಗಾರ ಎಂದೆ. ಮಂಗಳೂರಿನ ಪತ್ರಿಕೆಯೊಂದಕ್ಕೆ ಇಲ್ಲಿನ ಸುದ್ದಿ ಬರೆದು ಕಳುಹಿಸುವುದು ನನ್ನ ಕಸುಬು. ಒಬ್ಬನೇ ಹೇಳಿದ್ದನ್ನು ಅಚ್ಚಿಗೆ ಕೊಡುವುದಿಲ್ಲ. ಈ ಮನುಷ್ಯನೋ, ಇಡೀ ಪುಸ್ತಕದಲ್ಲಿ ಹೆಂಡತಿಗೆ ಒಂದು ಪೂರ್ತಿ ಮಾತನ್ನೂ ಆಡಲು ಬಿಡುವುದಿಲ್ಲ. ಅಲ್ಲದೆ, ಅವನು ತಪ್ಪು ಮಾಡುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿ ದೀಪ ಆರುತ್ತದೆ. ಏನು ನಡೆಯಿತೆಂದು ಅವನಿಗೇ ಕಾಣುವುದಿಲ್ಲ! ಅಷ್ಟು ಗಾಳಿ ನಮ್ಮ ಕಡಲ ದಂಡೆಯಲ್ಲೂ ಇಲ್ಲ.

“ಅವ ಅಳ್ತಾನಲ್ಲ! ಸುಳ್ಳು ಹೇಳುವವ ಅಳ್ತಾನಾ?” ಎಂದಳು ಶಂಕರಿ.

“ಕೋರ್ಟಿನಲ್ಲಿ ನಾನು ಕಂಡವರಲ್ಲಿ ಅಳದೆ ಸುಳ್ಳು ಹೇಳಿದವರು ಕಡಮೆ.”

“ಹಾಗಾದ್ರೆ ನಾನು ಹೇಳಿದ್ದನ್ನೂ ನೀವು ಇನ್ನೊಬ್ಬರ ಹತ್ರ ಕೇಳಿಯೇ ನಂಬುವುದಾ?”

ಬುದ್ಧಿಯಿರುವ ಗಂಡಸು ಇಲ್ಲಿ ಕೆಮ್ಮಿ ಹೊರಗೆ ಹೋಗುತ್ತಾನೆ. ನಾನು, “ನಿಯಮ ಎಲ್ಲರಿಗೂ ಒಂದೇ” ಎಂದೆ. ಈಗಲೂ ಅದನ್ನೇ ಹೇಳುತ್ತೇನೆ. ಅವಳು ಟ್ರಂಕು ತೆಗೆದಳು.

ಒಂದು ವಾರ ಹೋಟೆಲಿನ ಊಟ ಮಾಡಿದರೂ ನನ್ನ ಅಭಿಪ್ರಾಯ ಬದಲಾಗಲಿಲ್ಲ. ಹೊಟ್ಟೆಯ ಅಭಿಪ್ರಾಯ ಬೇರೆ ಇತ್ತು. ಅಡೂರಿಗೆ ಹೋದೆ. ಮಾವನವರು ಜಗಲಿಯಲ್ಲಿ ಎಲೆ ಹಾಕಿಕೊಳ್ಳುತ್ತಿದ್ದರು. ಅವರು ತಾಳಮದ್ದಳೆಯ ಹಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಚಾಪೆಯ ಮೇಲೆ ಕೂತು, ‘ನಾನು’ ಎಂದು ರಾಣಿಯಾಗಿ ಮಾತಾಡಿ ಎದುರಿನ ರಾಜನ ಬಾಯಿ ಮುಚ್ಚಿಸುವುದು ಅವರ ವಿದ್ಯೆ. ಸ್ತ್ರೀಪಾತ್ರದ ಅರ್ಥಕ್ಕೆ, ಅಂದರೆ ಆ ಪಾತ್ರವಾಗಿ ವಾದಿಸಲು, ಅವರನ್ನು ದೇಲಂಪಾಡಿ, ಎಡನೀರಿನವರೂ ಕರೆಯುತ್ತಿದ್ದರು. ನನ್ನನ್ನು ಕಂಡೊಡನೆ ಬೆನ್ನು ನೆಟ್ಟಗೆ ಮಾಡಿ ಮಗಳ ಪರವಾಗಿ ಆರಂಭಿಸಿಯೇಬಿಟ್ಟರು:

“ಪತಿದೇವಾ! ತಂದೆಯ ಮನೆ ತೊರೆದು ನಿಮ್ಮ ಬೆನ್ನ ಹಿಂದೆ ಬಂದ ನಾನು ಕಣ್ಣೀರಿನಲ್ಲಿ ಅನ್ನ ಬೇಯಿಸಿದೆ…”

ಒಳಗಿನಿಂದ ಶಂಕರಿಯ ಸ್ವರ: “ಅಪ್ಪಾ, ಅನ್ನ ಬೇಯಿಸಿದ್ದು ನೀರಿನಲ್ಲಿ. ನಾನೆಲ್ಲಿ ಅತ್ತದ್ದು? ನನಗೆ ಬಂದದ್ದು ಸಿಟ್ಟು.”

“ನೀನು ಸುಮ್ಮನಿರು. ಈಗ ನೀನು ಅಂದ್ರೆ ನಾನು!” ಎಂದು ಮಾವನವರು ಗದರಿದರು.

ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿರಲಿಲ್ಲ. “ಕೇಳಿದೆಯಾ? ‘ನಾನು’ ಎಂದವರನ್ನೆಲ್ಲ ನಂಬಿದರೆ ಹೀಗೆ” ಎಂದೆ. ಶಂಕರಿ ಸೌಟು ಹಿಡಿದೇ ಹೊರಗೆ ಬಂದಳು.

“ಅಪ್ಪ ತಪ್ಪು ಹೇಳಿದ್ದು ಹೌದು. ನಾನು ಇಲ್ಲಿ ಇದ್ದೆ, ತಿದ್ದಿದೆ. ಆ ಪುಸ್ತಕದವನಿಗೆ ಯಾರುಂಟು? ಅವನ ಉತ್ತರ ಕೇಳದೆ ಸುಳ್ಳ ಅಂತ ತೀರ್ಪು ಕೊಟ್ಟಿರಲ್ಲ, ನಿಮ್ಮ ಪೇಪರಿನಲ್ಲಿ ಹಾಗೆ ಮಾಡ್ತಾರಾ?”

ಮಾಡುವುದಿಲ್ಲ. ಆರೋಪಿಯ ಮಾತನ್ನೂ ಕೇಳಿ ಹಾಕಬೇಕೆಂಬುದು ನಮ್ಮ ಮೊದಲ ಪಾಠ. ಆದರೂ ನಾನು ಮಾತು ಹಿಂದೆಗೆದುಕೊಳ್ಳಲಿಲ್ಲ. “ಉತ್ತರ ಕೊಟ್ಟರೂ ಅವನು ಸುಳ್ಳನೇ” ಎಂದೆ.

ಮಾವನವರ ಕಣ್ಣು ಹೊಳೆಯಿತು. “ಎಂತಕ್ಕೆ ಬಾಯಿಜಗಳ ಮಾರಾಯ? ಒಂದು ತಾಳಮದ್ದಳೆ ಕೂಟ ಮಾಡಿ ನೋಡುವ. ಆ ಹೆಂಡತಿಯ ಅರ್ಥ ನಾನು ಹೇಳ್ತೇನೆ. ಗಂಡನ ಅರ್ಥ ನಿನಗೆ.”

“ಗಂಡ ಸೋತ್ರೆ ಅವ ಸುಳ್ಳ ಅಂತ ಒಪ್ಪಿ ಮರುದಿನವೇ ಬರ್ತೇನೆ,” ಎಂದಳು ಶಂಕರಿ. “ಗೆದ್ರೆ, ಅವ ಸುಳ್ಳ ಅಲ್ಲ ಅಂತ ನೀವು ಒಪ್ಪಿಕೊಳ್ಳುವವರೆಗೆ ನಾನು ಇಲ್ಲಿಯೇ. ಬೇಕಂತ ಸೋತ್ರೆ ನನಗೆ ಗೊತ್ತಾಗ್ತದೆ.”

ಸುಳ್ಳನೆಂದು ನಾನು ಸಾರಿದವನ ಪರವಾಗಿ ಪ್ರಾಮಾಣಿಕವಾಗಿ ವಾದಿಸಿ, ಪ್ರಾಮಾಣಿಕವಾಗಿ ಸೋಲಬೇಕು! ಮಾವನವರ ಎದುರು ಅದೇನೂ ಕಷ್ಟವಲ್ಲವೆಂದು ಒಪ್ಪಿ, ಪುಸ್ತಕವನ್ನು ಅವರಿಗೆ ಓದಲು ಕಳುಹಿಸಿಕೊಟ್ಟೆ.

ಕೂಟ ಬರುವ ಶನಿವಾರ. ಅಡೂರಿನಿಂದ ನಿನ್ನೆ ಬಂದವರಿಬ್ಬರು ಬೇರೆಬೇರೆಯಾಗಿ ಹೇಳಿದಂತೆ, ಮಾವನವರು ಕಾದಂಬರಿ ಓದಿ ಮುಗಿಸಿದ್ದಾರೆ. ಓದಿ ಅತ್ತಿದ್ದಾರೆ. ಆ ಗಂಡನ ಅರ್ಥ ತಾನೇ ಹೇಳುತ್ತೇನೆ, ಹೆಂಡತಿಯದ್ದು ಅಳಿಯ ಹೇಳಲಿ ಎಂದಿದ್ದಾರೆ. ಶಂಕರಿ ಮನೆಗೆ ಬರಬೇಕಾದರೆ ಈಗ ಅವರ ಬಾಯಿಯನ್ನು ನಾನು ಮುಚ್ಚಿಸಬೇಕು.